ಜೇಕಿನ ಜಾತಿ ಹುಡುಕಿಕೊಂಡು

ಮೊನ್ನೆ ಚಿಕ್ಕಬಳ್ಳಾಪುರದ ಮಾರುಕಟ್ಟೆಯಲ್ಲಿ ಸೊಪ್ಪು ಮಾರುವಾಕೆ ನನ್ನನ್ನು ಬೈದಳು. ಬೈದದ್ದರಲ್ಲಿ ತಪ್ಪೇನಿಲ್ಲ. ನಾನು ಈರುಳ್ಳಿ ಸೊಪ್ಪಿನ ಕಟ್ಟಿನಿಂದ ಒಂದು ದಂಟು ಎಳೆದು, ಹೆಬ್ಬೆರಳು ತೋರುಬೆರಳುಗಳ ನಡುವೆ ಇಟ್ಟು, ಕಣ್ಣು ಮುಚ್ಚಿ ಉರುಳಿಸುತ್ತಾ ನಿಂತಿದ್ದೆ.

"ಏನಮ್ಮಾ, ತಗೊಳ್ಳೋದಾದ್ರೆ ತಗೋ. ಅದ್ಯಾಕೆ ಬೀಡಿ ಸುತ್ತಿದಂಗೆ ಸುತ್ತಾ ಇದ್ದೀಯ?" ಎಂದಳು.

ನಾಚಿಕೊಂಡು ಎರಡು ಕಟ್ಟು ತಗೊಂಡು ಬಂದೆ. ಮನೆಯಲ್ಲಿ ಈರುಳ್ಳಿ ಸೊಪ್ಪು ಯಾರೂ ತಿನ್ನುವುದಿಲ್ಲ, ಅದು ಬೇರೆ ಮಾತು. ಈ ಬೆರಳಿನ ಚಾಳಿ ನನ್ನನ್ನು ಹೋದಲ್ಲೆಲ್ಲ ಹೀಗೆಯೇ ಸಿಕ್ಕಿಸುತ್ತದೆ. ಮದುವೆ ಮನೆಯಲ್ಲಿ ಹೂಗುಚ್ಛ ಕೈಗೆ ಕೊಟ್ಟರೆ ಹೂವು ನೋಡುವುದಿಲ್ಲ, ಕಾಂಡ ಉರುಳಿಸುತ್ತೇನೆ. ಬೀಗರ ಮನೆಯ ಕುಂಡದ ಮುಂದೆ ಕೂತು ಇದೇ ಕೆಲಸ ಮಾಡುತ್ತಿದ್ದಾಗ ನಮ್ಮ ಮನೆಯವರು ಕೆಮ್ಮಿ ಕೆಮ್ಮಿ ಸನ್ನೆ ಮಾಡಿದ್ದಕ್ಕೆ ಕೊನೆಗೆ ಬೀಗಿತ್ತಿ ಅವರಿಗೆ ಬಿಸಿನೀರು ತಂದುಕೊಟ್ಟರು.

ಹಸಿರು ಕಡ್ಡಿ ಕೈಗೆ ಬಂದ ಕೂಡಲೇ ಅದಕ್ಕೆ ಮೂಲೆ ಇದೆಯೋ ಇಲ್ಲವೋ ಎಂದು ನೋಡುವುದು, ಅಷ್ಟೇ ನನ್ನ ಚಾಳಿ. ಹುಲ್ಲಾದರೆ ದುಂಡಗಿರುತ್ತದೆ, ಬೆರಳಲ್ಲಿ ಸಲೀಸಾಗಿ ಉರುಳುತ್ತದೆ, ನಡುನಡುವೆ ಗಂಟು ಸಿಗುತ್ತದೆ. ಹುಲ್ಲಿನಂತೆಯೇ ಕಾಣುವ ಜೇಕಾದರೆ ತಡೆಯುತ್ತದೆ. ಬುಡದಿಂದ ಹೂವಿನವರೆಗೆ ಗಂಟಿಲ್ಲದ, ಮೂರು ಮೂಲೆಯ ಒಂದೇ ಕಡ್ಡಿ. ಸಸ್ಯಶಾಸ್ತ್ರದವರು ಅದರ ಕುಲವನ್ನು ಸೈಪರಸ್ ಎನ್ನುತ್ತಾರೆ. ಇಷ್ಟು ಹೇಳಿದ ಮೇಲೆ ನಾನು ಸಸ್ಯಶಾಸ್ತ್ರದವಳು ಎಂದುಕೊಂಡೀರಿ. ಅಲ್ಲ. ನಾನು ಶಿಡ್ಲಘಟ್ಟ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯ ಕನ್ನಡ ಮೇಡಂ. ಸಂಧಿ, ಸಮಾಸ, ಅಲಂಕಾರ ನನ್ನ ದಾರಿ. ಜೇಕು ನನ್ನ ದಾರಿಗೆ ಬಂದದ್ದು ನನ್ನ ಗಂಟಲು ಕೆಟ್ಟಿದ್ದರಿಂದ.

ಅದಕ್ಕೆ ಮುಂಚೆ ಜೇಕು ಎಂದರೆ ನನಗೆ ಚಿಂತಾಮಣಿಯ ನಮ್ಮ ಹಿತ್ತಲು. ಅಪ್ಪ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಭಾನುವಾರ ಬಂತೆಂದರೆ ಪಂಚೆ ಎತ್ತಿ ಕಟ್ಟಿ, ಮಲ್ಲಿಗೆ ಪಾತಿಯಲ್ಲಿ ಕೂತು ಜೇಕು ಕೀಳುವುದು ಅವರ ಹಟ. ಕಿತ್ತಷ್ಟೂ ಬರುತ್ತಿತ್ತು. ಮೇಲಿನ ಹುಲ್ಲು ಕೈಗೆ ಬರುತ್ತಿತ್ತು, ಕೆಳಗಿನ ಗೆಡ್ಡೆ ಮಣ್ಣಿನಲ್ಲೇ ನಗುತ್ತಿತ್ತು. ಅಮ್ಮನಿಗೆ ಆ ಗೆಡ್ಡೆಯೇ ಬೇಕು. ಅವಳ ತವರಿನಲ್ಲಿ ತೆಲುಗು, ಹಾಗಾಗಿ ಅವಳಿಗೆ ಅದು ತುಂಗ. "ತುಂಗಗೆಡ್ಡೆ ಬಿಸಾಕಬೇಡ್ರೀ, ತಲೆಗೆ ಬೇಕು" ಎಂದು ಆರಿಸಿ, ತೊಳೆದು, ಒಣಗಿಸಿ, ಸೀಗೆಪುಡಿಗೆ ಬೆರೆಸುತ್ತಿದ್ದಳು. ಎಣ್ಣೆ ನೀರಿನ ದಿನ ಬಚ್ಚಲಿನ ಹೊಗೆಯ ಜೊತೆ ಬೆರೆತ ಆ ಕಂಪು ಈಗಲೂ ನನ್ನ ಮೂಗಿನಲ್ಲಿದೆ. ಅಪ್ಪನ ಶತ್ರುವನ್ನು ಅಮ್ಮ ನಮ್ಮ ತಲೆಗೆ ಹಾಕಿ ತಿಕ್ಕುತ್ತಿದ್ದಳು. ಜೇಕೆಂದರೆ ಎಲ್ಲ ಕಡೆಯೂ ಒಂದೇ ಗಿಡ ಎಂದು ಇಬ್ಬರೂ ಅಂದುಕೊಂಡಿದ್ದರು. ನಾನೂ ಅಷ್ಟೇ. ಕೆರೆಯಲ್ಲಿರುವುದೂ ಜೇಕೇ, ಗದ್ದೆಯಲ್ಲಿರುವುದೂ ಜೇಕೇ, ಚರಂಡಿ ಪಕ್ಕದ್ದೂ ಜೇಕೇ.

ಇನ್ನು ಗಂಟಲಿನ ವಿಷಯ. ನನ್ನ ದನಿ ದೊಡ್ಡದು. ಸ್ಕೂಲಿನಲ್ಲಿ ಮೈಕು ಕೆಟ್ಟರೆ ಯಾರೂ ಎಲೆಕ್ಟ್ರಿಷಿಯನ್ನನ್ನು ಕರೆಯುತ್ತಿರಲಿಲ್ಲ, ನನ್ನನ್ನು ಕರೆಯುತ್ತಿದ್ದರು. ನಾನು ಎಂಟನೇ ತರಗತಿಗೆ ಪದ್ಯ ಓದಿದರೆ ಹತ್ತನೇ ತರಗತಿಯವರೂ ಬಾಯಿಪಾಠ ಮಾಡಿಕೊಳ್ಳುತ್ತಿದ್ದರು. ಅದರ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು. ಹೀಗಿರುವಾಗ ಕತ್ತಿನಲ್ಲಿ ಒಂದು ಗಂಟು ಕಾಣಿಸಿಕೊಂಡಿತು. ಥೈರಾಯ್ಡ್ ಎಂದರು, ಆಪರೇಷನ್ ಆಯಿತು. ಗಂಟು ಕೆಟ್ಟದ್ದಲ್ಲ ಎಂದು ಗೊತ್ತಾಗಿ ಮನೆಮಂದಿಯೆಲ್ಲ ದೇವರಿಗೆ ಕೈಮುಗಿದರು. ನಾನೂ ಮುಗಿದೆ. ಆಮೇಲೆ ಬಾಯಿ ತೆರೆದರೆ ಗಾಳಿ ಬಂತು, ಸ್ವರ ಬರಲಿಲ್ಲ.

"ಸ್ವರದ ನರ ಸ್ವಲ್ಪ ನೊಂದಿದೆ. ತಾನಾಗೇ ಚೇತರಿಸಿಕೊಳ್ಳಬಹುದು, ತಿಂಗಳುಗಟ್ಟಲೆ ಬೇಕಾಗಬಹುದು. ಕಿರುಚಬೇಡಿ, ಪಿಸುಗುಟ್ಟಲೂ ಬೇಡಿ" ಎಂದರು ಡಾಕ್ಟರು. ಚೇತರಿಸಿಕೊಳ್ಳದಿದ್ದರೆ ಎಂದು ನಾನು ಮೊಬೈಲಿನಲ್ಲಿ ಬರೆದು ತೋರಿಸಿದೆ. ಅವರು ಅದನ್ನು ಓದಿ, "ನೋಡೋಣ" ಎಂದರು.

ರಜೆ ಹಾಕಿ ಚಿಕ್ಕಬಳ್ಳಾಪುರದ ಮನೆಯಲ್ಲಿ ಕೂತೆ. ನೋಡಲು ಬಂದವರೆಲ್ಲ ನನಗೆ ಕಿವಿ ಕೇಳಿಸುವುದಿಲ್ಲವೇನೋ ಎಂಬಂತೆ ಕೂಗಿ ಕೂಗಿ ಮಾತಾಡುತ್ತಿದ್ದರು. ಹೆಡ್‌ಮಾಸ್ಟರು ಒಳ್ಳೆಯವರು, ಅವರೂ ಬಂದರು. "ಪಾಠ ಕಷ್ಟ ಆದ್ರೆ ಯೋಚನೆ ಮಾಡ್ಬೇಡಿ ಮೇಡಂ, ಆಫೀಸಲ್ಲಿ ಕೂರೋ ಕೆಲಸಕ್ಕೆ ಬರೆದು ಹಾಕೋಣ" ಎಂದರು. ಸಮಾಧಾನಕ್ಕೆ ಹೇಳಿದ ಮಾತು. ಅವರು ಗೇಟು ದಾಟಿದ ಮೇಲೆ ನಾನು ಅಡುಗೆಮನೆಗೆ ಹೋಗಿ ಅತ್ತೆ. ಅಳುವಿಗೂ ಸದ್ದಿರಲಿಲ್ಲ. ಪಕ್ಕದ ಕೋಣೆಯಲ್ಲಿದ್ದ ನಮ್ಮ ಮನೆಯವರಿಗೆ ಗೊತ್ತೇ ಆಗಲಿಲ್ಲ. ಆಮೇಲೆ ಬಂದು, "ಅವಲಕ್ಕಿ ಮಾಡ್ಲಾ?" ಎಂದು ಕೇಳಿದರು, ಪಾಪ.

ಶಾಹಿದಾ ಬಂದದ್ದು ಆ ವಾರ. ಚಿಂತಾಮಣಿಯ ಹೆಣ್ಣುಮಕ್ಕಳ ಸ್ಕೂಲಿನಲ್ಲಿ ನಾವಿಬ್ಬರೂ ಒಂದೇ ಬೆಂಚಿನವರು. ಅವಳೀಗ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳುತ್ತಾಳೆ. ಎಲ್ಲರಂತೆ ಸೇಬು ತರಲಿಲ್ಲ. ಒದ್ದೆ ಬಟ್ಟೆಯಲ್ಲಿ ಸುತ್ತಿದ ಹುಲ್ಲಿನ ಕಟ್ಟೊಂದನ್ನು ಟೀಪಾಯಿಯ ಮೇಲೆ ಬಿಚ್ಚಿ ಹರಡಿದಳು. ಮಣ್ಣು ನಮ್ಮ ಹೊಸ ಟೇಬಲ್ ಬಟ್ಟೆಯ ಮೇಲೆಲ್ಲ ಬಿತ್ತು. ಕೈಗೊಂದು ಭೂತಕನ್ನಡಿ ಕೊಟ್ಟು, "ಮಾತಾಡ್ಬೇಡ ಕಣೇ. ನೋಡು ಅಷ್ಟೇ. ಒಂದೇ ಥರ ಇರೋದನ್ನ ಒಂದು ಕಡೆ ಇಡು" ಎಂದಳು.

ನನಗೆ ಎಲ್ಲವೂ ಒಂದೇ ಥರ ಕಂಡವು. ಎಲ್ಲವನ್ನೂ ಒಂದೇ ಕಡೆ ಇಟ್ಟೆ. ಶಾಹಿದಾ ನಗಲಿಲ್ಲ. ಒಂದೊಂದನ್ನೇ ಎತ್ತಿ ಕನ್ನಡಿಯ ಕೆಳಗೆ ಹಿಡಿದಳು. ಒಂದರ ಹೂವು ಸಣ್ಣ ಗುಂಡು ಗುಂಡು ಉಂಡೆ, ಅದು ಡಿಫಾರ್ಮಿಸ್. ಒಂದರ ತೆನೆ ಚಪ್ಪಟೆ, ಪುಟ್ಟ ಕತ್ತಿಗಳನ್ನು ಜೋಡಿಸಿಟ್ಟಂತೆ, ಅದು ಕಂಪ್ರೆಸಸ್. ಒಂದಕ್ಕೆ ಹೊಂಬಣ್ಣ, ಗದ್ದೆಯದು, ಇರಿಯಾ. ಕೆಂಗಂದು ತೆನೆ, ಬುಡದಲ್ಲಿ ಗೆಡ್ಡೆ, ಅದು ರೊಟಂಡಸ್, ಅಂದರೆ ನಮ್ಮಪ್ಪನ ಶತ್ರು. ಒಂದು ಹಿಡಿ ಹುಲ್ಲು ನನ್ನ ಕಣ್ಣೆದುರೇ ನಾಲ್ಕು ಮನೆಯಾಯಿತು. ಆ ಮಧ್ಯಾಹ್ನ ಎಷ್ಟೋ ಹೊತ್ತು ನನ್ನ ಗಂಟಲು ನನಗೆ ನೆನಪಾಗಲಿಲ್ಲ.

ಶಾಹಿದಾ ನಮ್ಮ ಸುತ್ತಿನ ನಾಲ್ಕು ತಾಲ್ಲೂಕುಗಳ ಕೆರೆ ಕುಂಟೆಗಳಲ್ಲಿ ಈ ಕುಲದ ಎಷ್ಟು ಜಾತಿಗಳಿವೆ ಎಂದು ಪಟ್ಟಿ ಮಾಡುತ್ತಿದ್ದಳು. ಭಾನುವಾರಗಳಲ್ಲಿ ಅವಳ ಜೊತೆ ಹೊರಟೆ. ಕಾರು ಇದ್ದ ದಿನ ಕಾರು, ಇಲ್ಲದ ದಿನ ಬಸ್ಸು. ಒಮ್ಮೆ ಚಿಂತಾಮಣಿಯಿಂದ ಕೈವಾರದ ಬಸ್ಸಿನಲ್ಲಿ ಅವಳು ಚೀಲದೊಳಗೆ ಕೈಹಾಕಿ ಪಾಠ ಹೇಳುತ್ತಿದ್ದಳು. "ಇದು ಬೇರೆ ಜಾತಿ ಕಣೇ, ಅದರ ಜೊತೆ ಸೇರಿಸ್ಬೇಡ. ನೋಡೋಕೆ ಒಂದೇ ಥರ ಇರ್ತಾವೆ, ಆದ್ರೆ ಜಾತಿ ಬೇರೆ."

ಮುಂದಿನ ಸೀಟಿನಲ್ಲಿ ದೇವಸ್ಥಾನಕ್ಕೆ ಹೊರಟಿದ್ದ ಹಿರಿಯರೊಬ್ಬರು ಹಿಂತಿರುಗಿದರು. ಮುಖದಲ್ಲಿ ನೋವಿತ್ತು. "ಓದಿದೋರ ಥರ ಕಾಣ್ತೀರ. ಈ ಕಾಲದಲ್ಲೂ ಜಾತಿ ಮಾತಾಡ್ತೀರಲ್ಲಮ್ಮಾ" ಎಂದರು.

ಶಾಹಿದಾ ಚೀಲ ಬಿಚ್ಚಿ ತೋರಿಸಿದಳು. ಅವರು ಜೇಕನ್ನು ನೋಡಿದರು, ನಮ್ಮನ್ನು ನೋಡಿದರು. "ದರ್ಭೆನಾ?" ಎಂದರು. "ಅಲ್ಲ ಸ್ವಾಮಿ. ದರ್ಭೆ ಹುಲ್ಲು, ಇದು ಜೇಕು. ಮುಟ್ಟಿ ನೋಡಿ, ಮೂರು ಮೂಲೆ ಇದೆ." ಅವರು ಮುಟ್ಟಿದರು, ಉರುಳಿಸಿದರು, ಪಕ್ಕದವರಿಗೆ ಕೊಟ್ಟರು. ಬಸ್ಸು ಕೈವಾರ ತಲುಪುವಷ್ಟರಲ್ಲಿ ಆ ಕಡ್ಡಿ ಡ್ರೈವರ್ ಬಳಿಗೂ ಹೋಗಿ ಬಂದಿತ್ತು. ಇಳಿಯುವಾಗ ಆ ಹಿರಿಯರು ನನ್ನ ಕತ್ತಿನ ಗಾಯ ನೋಡಿ, ತಲೆಯ ಮೇಲೆ ಕೈಯಿಟ್ಟು ಹೋದರು.

ಸ್ಕಂದಗಿರಿಯ ತಪ್ಪಲಿನಲ್ಲಿ ಇನ್ನೊಂದು ತಮಾಷೆ. ಬಂಡೆಯಿಂದ ನೀರು ಜಿನುಗುವ ಜಾಗದಲ್ಲಿ ನಾವಿಬ್ಬರೂ ಮೊಣಕಾಲೂರಿ ಗೇಣುದ್ದದ ಜೇಕು ನೋಡುತ್ತಿದ್ದೆವು. ಬೆಟ್ಟ ಹತ್ತಿ ಇಳಿದ ಹುಡುಗ ಹುಡುಗಿಯರ ಗುಂಪು ನಿಂತಿತು. "ಆಂಟಿ, ಏನ್ ಕಳ್ಕೊಂಡ್ರಿ? ಓಲೆನಾ?" ಎಂದು ಕೇಳಿ, ಉತ್ತರ ಬರುವ ಮೊದಲೇ ಅವರೂ ಮೊಣಕಾಲೂರಿ ಹುಡುಕತೊಡಗಿದರು. ಅಷ್ಟು ಒಳ್ಳೆಯ ಮಕ್ಕಳಿಗೆ ಏನೂ ಕಳೆದಿಲ್ಲ ಎಂದು ಹೇಳಲು ಮನಸ್ಸು ಬಾರದೆ ಶಾಹಿದಾ, "ಸಿಕ್ತು ಕಣ್ರಪ್ಪಾ, ಸಿಕ್ತು" ಎಂದು ಜೇಕನ್ನೇ ಎತ್ತಿ ತೋರಿಸಿದಳು.

ಹೀಗೆ ದಿನ ಕಳೆಯಿತು. ನನ್ನ ಸ್ವರ ಮಾತ್ರ ಹಾಗೇ ಇತ್ತು. ಪ್ರಯತ್ನಪಡಲು ನನಗೇ ಭಯ. ಬಾಯಿ ತೆರೆದು ಬರೀ ಗಾಳಿ ಬಂದರೆ ಆ ದಿನವೆಲ್ಲ ಹಾಳು. ಅದಕ್ಕಿಂತ ತೆರೆಯದಿರುವುದೇ ವಾಸಿ ಎನ್ನಿಸಿ, ಸನ್ನೆಯಲ್ಲೇ ಸಂಸಾರ ನಡೆಸುತ್ತಿದ್ದೆ.

ಚಳಿ ಬಿಡುತ್ತಿದ್ದ ಒಂದು ಬೆಳಗ್ಗೆ ಗೌರಿಬಿದನೂರು ದಾಟಿ ನಗರಗೆರೆ ಕಡೆಯ ಒಂದು ಕೆರೆಗೆ ಹೋದೆವು. ನೀರು ಅರ್ಧಕ್ಕೆ ಇಳಿದಿತ್ತು. ಆಚೆ, ನೀರಿನ ಅಂಚಿನಲ್ಲಿ, ಆಳೆತ್ತರದ ಜೇಕಿನ ಒಂದು ಮೆಳೆ. ಶಾಹಿದಾ ನನ್ನ ತೋಳು ಹಿಡಿದು ನಿಲ್ಲಿಸಿದಳು. ಅಷ್ಟೆತ್ತರ ಬೆಳೆಯುವ ಜೇಕು ಎರಡಿವೆ, ನೋಡಲು ಅಕ್ಕತಂಗಿಯರಂತೆ. ಒಂದು ಎಕ್ಸಾಲ್ಟೇಟಸ್, ಅದು ನಮಗೆ ಆಗಲೇ ಸಿಕ್ಕಿತ್ತು. ಇನ್ನೊಂದರ ಹೆಸರು ನಾಲಿಗೆ ಹೊರಳದಷ್ಟು ಉದ್ದ, ಅರ್ಥ ನರಿಬಾಲದಂಥದು ಎಂದು. ನಾವು ಅದನ್ನು ನರಿಬಾಲ ಎಂದೇ ಕರೆಯುತ್ತಿದ್ದೆವು. ಅದು ನಮ್ಮ ನಾಲ್ಕು ತಾಲ್ಲೂಕಿನಲ್ಲಿ ಅವಳಿಗೆ ಎಲ್ಲೂ ಸಿಕ್ಕಿರಲಿಲ್ಲ. ವ್ಯತ್ಯಾಸ ಇರುವುದು ಹೂವಿನೊಳಗೆ. ಎಕ್ಸಾಲ್ಟೇಟಸ್‌ನ ಹೂವಿನ ತುದಿ ಮೂರು ಎಳೆಯಾಗಿ ಸೀಳಿರುತ್ತದೆ, ಕಾಳಿಗೆ ಮೂರು ಮೂಲೆ. ನರಿಬಾಲಕ್ಕೆ ಎರಡೇ ಎಳೆ, ಚಪ್ಪಟೆ ಕಾಳು. ದೂರದಿಂದ ದೇವರಿಗೂ ಗೊತ್ತಾಗದು.

"ನೀನು ಇಲ್ಲೇ ಇರು, ಒಂದೇ ಒಂದು ತೆನೆ ತರ್ತೀನಿ" ಎಂದು ಶಾಹಿದಾ ಇಳಿದಳು. ಹೊಲಕ್ಕೆ ಹೊಡೆಯಲು ಗೋಡು, ಅಂದರೆ ಕೆರೆಯ ಹೂಳುಮಣ್ಣು, ತೆಗೆದ ಗುಂಡಿಯೊಂದು ಕಳೆಯ ಕೆಳಗೆ ಮುಚ್ಚಿಕೊಂಡಿದ್ದದ್ದು ಇಬ್ಬರಿಗೂ ಕಾಣಲಿಲ್ಲ. ಮೆಳೆ ಮುಟ್ಟಿ, ತೆನೆ ಕಿತ್ತು, ನನ್ನ ಕಡೆ ತಿರುಗಿ ಒಂದು ಹೆಜ್ಜೆ ಇಟ್ಟವಳು ಸೊಂಟದವರೆಗೆ ಇಳಿದುಹೋದಳು. ಮೊದಲು ನಕ್ಕಳು. ಕಾಲೆತ್ತಲು ನೋಡಿದಳು. ಎದೆಯವರೆಗೆ ಇಳಿದಳು. ಆಗ ನಗು ನಿಂತಿತು.

"ಯಾರನ್ನಾದ್ರೂ ಕೂಗು" ಎಂದಳು.

ಕೆರೆ ಏರಿಯ ಆ ತುದಿಯಲ್ಲಿ ಒಬ್ಬಾಕೆ ಮೇಕೆ ಮೇಯಿಸುತ್ತಿದ್ದಳು, ಬೆನ್ನು ನಮ್ಮ ಕಡೆಗೆ. ನಾನು ಬಾಯಿ ತೆರೆದೆ. ಗಾಳಿ ಬಂತು. ಮತ್ತೆ ತೆರೆದೆ, ಕತ್ತಿನ ನರಗಳೆಲ್ಲ ಉಬ್ಬುವಂತೆ. ಗಾಳಿಯೇ. ಜೀವಮಾನವಿಡೀ ಬೇಕಿಲ್ಲದ್ದಕ್ಕೆಲ್ಲ ಕೂಗಿದ ಗಂಟಲು ಅದು. ಆ ಕ್ಷಣದಲ್ಲಿ ನನಗಾದದ್ದನ್ನು ಈಗಲೂ ಬರೆಯಲು ಬರುವುದಿಲ್ಲ. ಚೀಲದಲ್ಲಿ ಚಿತ್ರಾನ್ನದ ಸ್ಟೀಲ್ ಡಬ್ಬಿ ಕೈಗೆ ಸಿಕ್ಕಿತು. ಮುಚ್ಚಳ ಕಿತ್ತು ಡಬ್ಬಿಗೆ ಬಡಿದೆ. ಬಡಿಯುತ್ತಲೇ ಏರಿಯ ಮೇಲೆ ಓಡಿದೆ. ಚಿತ್ರಾನ್ನ ದಾರಿಯುದ್ದಕ್ಕೂ ಚೆಲ್ಲಿತು. ಮೇಕೆಗಳು ಮೊದಲು ತಿರುಗಿದವು, ಆಮೇಲೆ ಆಕೆ.

ಸೊಪ್ಪು ಎಳೆಯುವ ಉದ್ದ ದೋಟಿ ಹಿಡಿದೇ ಆಕೆ ಓಡಿಬಂದಳು. ಗಟ್ಟಿನೆಲ ನೋಡಿ ಮಲಗಿಕೊಂಡು ದೋಟಿ ಚಾಚಿದಳು. ನಾನು ಆಕೆಯ ಕಾಲು ಹಿಡಿದು ಕೂತೆ. "ಹಿಡ್ಕೋ ತಲ್ಲೀ, ಗಟ್ಟಿಗೆ ಹಿಡ್ಕೋ. ಒದ್ದಾಡ್ಬೇಡ, ಮೆಲ್ಲಗೆ ಬಾ." ಒಂದು ಕೈಯಲ್ಲಿ ದೋಟಿ ಹಿಡಿದು, ಇಂಚಿಂಚಾಗಿ, ಕಪ್ಪು ಗೋಡಿನ ಬೊಂಬೆಯಂತೆ ಶಾಹಿದಾ ದಡಕ್ಕೆ ಬಂದಳು. ಇನ್ನೊಂದು ಕೈ ತಲೆಯ ಮೇಲಿತ್ತು. ಅದರಲ್ಲಿ ಜೇಕಿನ ತೆನೆ.

ಮೇಕೆಯಾಕೆಯ ಹೆಸರು ವೆಂಕಟಲಕ್ಷ್ಮಮ್ಮ. ಆಕೆ ಆ ತೆನೆ ನೋಡಿ ಕೆನ್ನೆಗೆ ಕೈಯಿಟ್ಟಳು. "ಅಯ್ಯೋ ದೇವುಡಾ! ಈ ತುಂಗಕ್ಕೆ ಪ್ರಾಣ ಕೊಡ್ತೀರೇನಮ್ಮಾ? ನಮ್ ಮೇಕೆ ಕೂಡ ಮೂಸಿ ನೋಡಲ್ಲ ಇದನ್ನ!"

ಶಾಹಿದಾ ಮುಖದ ಕೆಸರು ಒರೆಸಿಕೊಳ್ಳುತ್ತಾ ನನ್ನ ಕಡೆ ತೆನೆ ಚಾಚಿ, "ನೋಡು, ಮುರೀಲಿಲ್ಲ" ಎಂದಳು.

ನನಗೆ ಎಲ್ಲಿತ್ತೋ ಸಿಟ್ಟು. "ತಲೆ ಕೆಟ್ಟಿದೆಯೇನೇ ನಿಂಗೆ! ಹುಲ್ಲಿಗೋಸ್ಕರ ಸಾಯ್ತಾರೇನೇ! ನಿನ್ನ ಮಕ್ಕಳಿಗೆ ಏನ್ ಹೇಳ್ಲಿ ನಾನು!"

ತಗಡಿನ ಮೇಲೆ ಕಲ್ಲು ಎಳೆದಂಥ ಸದ್ದು. ಯಾರು ಮಾತಾಡಿದ್ದು ಎಂದು ನಾನೇ ಅತ್ತಿತ್ತ ನೋಡಿದೆ. ಶಾಹಿದಾ ಕೈಯಲ್ಲಿದ್ದದ್ದನ್ನು ಕೆಳಗಿಟ್ಟಳು. ಕಣ್ಣಲ್ಲಿ ನೀರು ತುಂಬಿ ಕೆಸರಿನ ಮೇಲೆ ಎರಡು ಗೆರೆ ಇಳಿಯಿತು.

"ಇನ್ನೂ ಬೈಯೇ. ನಿಲ್ಲಿಸ್ಬೇಡ" ಎಂದಳು.

ಬೈದೆ. ನಾವು ಒಟ್ಟಿಗೆ ಓದಿದ ಎಂಟನೇ ಕ್ಲಾಸಿನಿಂದ ಹಿಡಿದು ಬೈದೆ. ನಡುನಡುವೆ ಸ್ವರ ಕೈಕೊಡುತ್ತಿತ್ತು, ಮತ್ತೆ ಬರುತ್ತಿತ್ತು. ಏನೂ ಅರ್ಥವಾಗದ ವೆಂಕಟಲಕ್ಷ್ಮಮ್ಮ, "ಬಿಡಮ್ಮಾ, ಬದುಕಿದ್ದಾಳಲ್ಲ, ಎಷ್ಟು ಬೈತೀಯ!" ಎಂದು ನನ್ನ ಬೆನ್ನು ಸವರಿದಳು. ನಮ್ಮಿಬ್ಬರನ್ನೂ ಮನೆಗೆ ಕರೆದೊಯ್ದು, ಶಾಹಿದಾಗೆ ಬಿಸಿನೀರು ಕಾಯಿಸಿ, ತನ್ನ ಒಗೆದ ಸೀರೆ ಕೊಟ್ಟು, ರಾಗಿಮುದ್ದೆ ಬಡಿಸಿದಳು. ಆಕೆಯನ್ನು ನೆನೆದರೆ ಈಗಲೂ ನನ್ನ ಕೈ ತಾನಾಗಿ ಮುಗಿಯುತ್ತದೆ.

ಡಾಕ್ಟರು ಇದೆಲ್ಲ ಕೇಳಿ ಪವಾಡ ಎನ್ನಲಿಲ್ಲ. ನರ ಕೆಲವು ವಾರಗಳಿಂದ ಚೇತರಿಸಿಕೊಳ್ಳುತ್ತಿದ್ದಿರಬೇಕು, ನೀವು ಪ್ರಯತ್ನವನ್ನೇ ಬಿಟ್ಟಿದ್ದಿರಿ, ಮೊದಲಿನಷ್ಟು ದನಿ ಬಾರದಿರಬಹುದು, ಇಷ್ಟಂತೂ ಬರುತ್ತದೆ, ದಿನಾ ಸ್ವಲ್ಪ ಸ್ವಲ್ಪ ಮಾತಾಡಿ ಎಂದರು.

ಶಾಹಿದಾ ಕಾಲು ಉಳುಕಿ, ಜ್ವರ ಬಂದು ಮಂಚ ಹಿಡಿದಳು. ಆ ತೆನೆಯನ್ನು ನೋಡುವ ಕೆಲಸ ನನ್ನ ಪಾಲಿಗೆ ಬಂತು. ಅವಳ ಮಂಚದ ಪಕ್ಕ ಟೇಬಲ್ ಎಳೆದು, ಅವಳ ಮೈಕ್ರೋಸ್ಕೋಪ್ ಇಟ್ಟುಕೊಂಡು, ಸೂಜಿಯಿಂದ ಒಂದು ಹೂವನ್ನು ಬಿಡಿಸಿದೆ. ಅವಳು ಕಂಬಳಿ ಹೊದ್ದು ನನ್ನ ಮುಖವನ್ನೇ ನೋಡುತ್ತಿದ್ದಳು. ಮೈಕ್ರೋಸ್ಕೋಪಿನಲ್ಲಿ ಎಳೆ ಸ್ಪಷ್ಟವಾಗಿತ್ತು. ಎರಡು ಎಂದುಬಿಡಲೇ ಎಂದು ಒಂದು ಕ್ಷಣ ಮನಸ್ಸು ತುಯ್ದಾಡಿದ್ದು ನಿಜ. ಎದೆವರೆಗೆ ಗೋಡಿನಲ್ಲಿ ಹೂತು ತಂದ ತೆನೆಯಲ್ಲವೇ?

"ಮೂರು" ಎಂದೆ.

"ಇನ್ನೊಂದು ಹೂವು ಬಿಡಿಸು."

ಬಿಡಿಸಿದೆ. ಮೂರೇ. ಮಾಗಿದ ಕಾಳೊಂದನ್ನು ತೆಗೆದು ನೋಡಿದೆ. ಮೂರು ಮೂಲೆ, ಅನುಮಾನಕ್ಕೆ ಜಾಗವೇ ಇಲ್ಲ. ನಮ್ಮಲ್ಲಿ ಆಗಲೇ ಇದ್ದ ಎಕ್ಸಾಲ್ಟೇಟಸ್. "ಬೇಜಾರಾಯ್ತೇನೇ?" ಎಂದು ಕೇಳಿದೆ.

ಶಾಹಿದಾ ಕಂಬಳಿ ಸರಿಸಿ ಎದ್ದು ಕೂತಳು. "ನನ್ ಬೇಜಾರು ನೋಡಿ ಗಿಡ ತನ್ನ ಎಳೆ ಬದಲಾಯಿಸ್ಕೊಳ್ಳುತ್ತಾ? ಮೂರಂದ್ರೆ ಮೂರೇ. ನೀನು ನೋಡಿ ಹೇಳಿದ್ಯಲ್ಲ, ಸಾಕು" ಎಂದಳು. ಪಟ್ಟಿಯಲ್ಲಿ ಆ ಕೆರೆಯ ಹೆಸರಿನ ಮುಂದೆ ಎಕ್ಸಾಲ್ಟೇಟಸ್ ಎಂದು ನನ್ನ ಕೈಯಲ್ಲೇ ಬರೆಸಿದಳು. ಗುರುತಿಸಿದವರು ಎಂಬ ಜಾಗದಲ್ಲಿ ನನ್ನ ಹೆಸರನ್ನೂ ಬರೆಸಿದಳು. ಕನ್ನಡ ಮೇಡಂ ಹೆಸರು ಅಲ್ಲಿ ಹೇಗೆ ಕಾಣುತ್ತದೆ ಎಂದು ನಾನು ಆ ಹಾಳೆಯನ್ನು ಮೂರು ಸಲ ಎತ್ತಿ ನೋಡಿದೆ.

ಜೂನ್‌ನಲ್ಲಿ ಸ್ಕೂಲಿಗೆ ಹೋದೆ. ಆಫೀಸಿನ ಕೆಲಸಕ್ಕಲ್ಲ, ತರಗತಿಗೆ. ನನ್ನ ಈಗಿನ ದನಿ ಮೂರನೇ ಬೆಂಚು ದಾಟುವುದಿಲ್ಲ. ಮಕ್ಕಳಿಗೆ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಗುಸುಗುಸು. ಆಮೇಲೆ ಅವರೇ ಎದ್ದು ಬೆಂಚುಗಳನ್ನು ಕರಕರ ಎಳೆದುಕೊಂಡು ಬಂದು ನನ್ನ ಸುತ್ತ ಗುಂಪಾದರು. ಪದ್ಯ ಶುರು ಮಾಡಿದೆ. ಇಡೀ ತರಗತಿ ಸೂಜಿ ಬಿದ್ದರೆ ಕೇಳಿಸುವಷ್ಟು ಸುಮ್ಮನಿತ್ತು. ಇಷ್ಟು ವರ್ಷದ ನೌಕರಿಯಲ್ಲಿ ಅಂಥ ಮೌನವನ್ನು ನಾನು ಕಂಡಿರಲಿಲ್ಲ. ಗಂಟೆ ಹೊಡೆದ ಮೇಲೆ ಒಬ್ಬ ಹುಡುಗಿ, "ಮಿಸ್, ಮೊದ್ಲು ನೀವು ಜೋರಾಗಿ ಹೇಳ್ತಿದ್ರಲ್ಲಾ, ಆವಾಗ ನಾವು ಕೇಳಿಸ್ಕೊಳ್ತಾನೇ ಇರ್ಲಿಲ್ಲ. ಹೆಂಗೂ ಮನೇಗೂ ಕೇಳ್ಸುತ್ತೆ ಅಂತ" ಎಂದಳು. ನನ್ನ ಹಳೆಯ ಜಂಬಕ್ಕೆ ಅಲ್ಲಿಗೆ ತಿಥಿಯಾಯಿತು.

ಇದನ್ನು ಹೇಳಲೆಂದೇ ಆ ವಾರ ಶಾಹಿದಾಳನ್ನು ಶಿಡ್ಲಘಟ್ಟದ ಹತ್ತಿರದ ಒಂದು ಕೆರೆ ಏರಿಯ ಮೇಲೆ ನಿಲ್ಲಿಸಿಕೊಂಡೆ. ಕೆಳಗೆ ಹಿಪ್ಪುನೇರಳೆ ತೋಟಗಳು, ಮುಂದೆ ನೀರು. ಹುಡುಗಿಯ ಮಾತು ಕೇಳಿ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗು ಮುಗಿದ ಮೇಲೆ ನಾನು ಇಷ್ಟು ದಿನ ಆಡದೇ ಉಳಿದಿದ್ದ ಮಾತನ್ನು ಆಡಿದೆ. ಹಳೇ ಗೆಳತಿಗೆ ಹೇಳಲು ಎಷ್ಟು ಮುಜುಗರ ನೋಡಿ. ನೀರಿನ ಕಡೆ ನೋಡುತ್ತಾ, "ನೀನು ಬರದೇ ಇದ್ದಿದ್ರೆ ನಾನು ಆ ಅಡುಗೆಮನೇಲೇ ಇರ್ತಿದ್ದೆ ಕಣೇ. ನಿನ್ನ ಉಪಕಾರ ದೊಡ್ಡದು" ಎಂದೆ.

"ಏನಂದೆ? ಕೇಳಿಸ್ಲಿಲ್ಲ" ಎಂದಳು.

ಗಾಳಿ ಇತ್ತು, ನಿಜ. ಮತ್ತೆ ಹೇಳಿದೆ.

"ಇನ್ನೂ ಜೋರಾಗಿ."

ಅವಳಿಗೆ ಮೊದಲನೇ ಸಲವೇ ಕೇಳಿಸಿತ್ತು ಎಂದು ಅವಳ ಮುಖವೇ ಹೇಳುತ್ತಿತ್ತು. ಆದರೂ ಉಸಿರೆಳೆದುಕೊಂಡು, ಇರುವಷ್ಟೂ ದನಿ ಕೂಡಿಸಿ ಮೂರನೇ ಸಲ ಹೇಳಿದೆ. ಏರಿಯ ಮೇಲೆ ಸೊಪ್ಪಿನ ಹೊರೆ ಇಟ್ಟುಕೊಂಡು ಮೊಪೆಡ್‌ನಲ್ಲಿ ಹೋಗುತ್ತಿದ್ದವನೊಬ್ಬ ತನ್ನನ್ನೇ ಕರೆದರೆಂದು ಗಾಡಿ ನಿಲ್ಲಿಸಿ, "ಏನಕ್ಕಾ?" ಎಂದ.